ಕಸುಬು ಬದಲಿಸಬಹುದು, ಹುಟ್ಟು?

ವೀಡಿಯೋ ಗೇಮ್ ಎಂದೊಡನೆ ನಮ್ಮ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಕಣ್ಣು ಹಾಳು, ಸಮಯ ಹಾಳು, ಓದು ಹಾಳು ಎಂಬ ದೂರುಗಳಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಸಿನಿಮಾದ ಬಗ್ಗೆ, ಅದಕ್ಕೂ ಹಿಂದೆ ಕಾದಂಬರಿಯ ಬಗ್ಗೆ ಇವೇ ದೂರುಗಳಿದ್ದವು. ಇಂದು ಕಾದಂಬರಿಯನ್ನು ಓದಿ ವಿಮರ್ಶಿಸುತ್ತೇವೆ, ಸಿನಿಮಾ ನೋಡಿ ಚರ್ಚಿಸುತ್ತೇವೆ. ಮನೆಯೊಳಗೇ ಬಂದು ಕೂತಿರುವ, ಮಕ್ಕಳನ್ನೂ ಯುವಕರನ್ನೂ ಹತ್ತಾರು ತಾಸು ಹಿಡಿದಿಡುವ ಈ ಆಟಗಳ ಬಗ್ಗೆ ಮಾತ್ರ ಆಡದೆಯೇ ತೀರ್ಪು ಕೊಟ್ಟುಬಿಡುತ್ತೇವೆ. ಒಂದನ್ನಾದರೂ ಮೊದಲಿನಿಂದ ಕೊನೆಯವರೆಗೆ ಆಡಿ, ಅದು ಏನು ಹೇಳುತ್ತದೆ, ಹೇಳಿದ್ದನ್ನು ತಾನೇ ನಂಬುತ್ತದೆಯೇ ಎಂದು ನೋಡುವ ಪ್ರಯತ್ನವಿದು.

ಆಯ್ದುಕೊಂಡಿರುವ ಆಟದ ಹೆಸರು 'ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್'. ಜಪಾನಿನ ಸ್ಕ್ವೇರ್ ಕಂಪೆನಿ ಇದನ್ನು 1997ರ ಜೂನ್‌ನಲ್ಲಿ ಪ್ಲೇಸ್ಟೇಷನ್‌ಗಾಗಿ ಹೊರತಂದಿತು. ಕಥೆ, ನಿರ್ದೇಶನ ಯಾಸುಮಿ ಮಾತ್ಸುನೋ ಅವರದು. 2007ರಲ್ಲಿ ಹೊಸ ಇಂಗ್ಲಿಷ್ ಅನುವಾದದೊಂದಿಗೆ ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿಗೆ ಬಂತು. 2025ರ ಸೆಪ್ಟೆಂಬರ್ 30ರಂದು 'ದಿ ಐವಲೀಸ್ ಕ್ರಾನಿಕಲ್ಸ್' ಎಂಬ ಹೆಸರಿನಲ್ಲಿ, ಪಾತ್ರಗಳಿಗೆ ಧ್ವನಿಯನ್ನೂ ಸೇರಿಸಿಕೊಂಡು, ಇಂದಿನ ಯಂತ್ರಗಳಿಗೂ ಕಂಪ್ಯೂಟರಿಗೂ ಬಂದಿದೆ. ಸುಮಾರು ಮೂವತ್ತು ವರ್ಷಗಳ ಬಳಿಕವೂ ಒಂದು ಆಟವನ್ನು ಮತ್ತೆ ಮಾರಬಹುದಾದರೆ ಅದರಲ್ಲಿ ಗುಂಡು ಹಾರಿಸುವುದಕ್ಕಿಂತ ಹೆಚ್ಚಿನದೇನೋ ಇರಬೇಕು. (ಕಥೆಯನ್ನು ಕೊನೆಯವರೆಗೂ ಹೇಳದೆ ಈ ಆಟವನ್ನು ವಿಮರ್ಶಿಸಲಾಗದು. ಆಡಬೇಕೆಂದಿರುವವರು ಇಲ್ಲಿಗೇ ನಿಲ್ಲಿಸಿ, ಆಡಿದ ಮೇಲೆ ಮುಂದೆ ಓದಬಹುದು.)

ಇದು ಸರದಿಯ ಆಟ. ಚದುರಂಗದಂತೆ ಮನೆಗಳಿರುವ, ಆದರೆ ಏರುತಗ್ಗುಗಳಿರುವ ನೆಲ. ನಮ್ಮ ಕಡೆಯ ನಾಲ್ಕೈದು ಮಂದಿ, ಎದುರಿಗೆ ವೈರಿಗಳು. ಯಾರ ಸರದಿ ಬಂತೋ ಅವರು ನಡೆದು, ಹೊಡೆದು ಅಥವಾ ಮದ್ದು ಕೊಟ್ಟು ಸುಮ್ಮನಾಗಬೇಕು. ಅವಸರವಿಲ್ಲ. ಒಂದು ನಡೆಗೆ ಹತ್ತು ನಿಮಿಷ ಯೋಚಿಸಿದರೂ ಯಾರೂ ಕೇಳುವುದಿಲ್ಲ. ಚದುರಂಗದಲ್ಲಿ ಕುದುರೆ ಕೊನೆಯವರೆಗೂ ಕುದುರೆಯೇ, ಆನೆ ಆನೆಯೇ. ಇಲ್ಲಿ ಹಾಗಲ್ಲ. ನಮ್ಮ ಪ್ರತಿಯೊಬ್ಬ ಕಾಲಾಳಿಗೂ ಒಂದು ಕಸುಬಿದೆ, ಅದನ್ನು ಕದನಗಳ ನಡುವಿನ ಬಿಡುವಿನಲ್ಲಿ ಬೇಕಾದಾಗ ಬದಲಿಸಬಹುದು.

ಕಸುಬು ಬದಲಿಸುವ ಈ ಏರ್ಪಾಡು ಮಾತ್ಸುನೋ ಕಂಡುಹಿಡಿದದ್ದಲ್ಲ. 1988ರಲ್ಲಿ ಜಪಾನಿನಲ್ಲಿ ಜನಜಾತ್ರೆಯನ್ನೇ ಸೇರಿಸಿದ 'ಡ್ರ್ಯಾಗನ್ ಕ್ವೆಸ್ಟ್ 3'ರಲ್ಲಿ ಒಂದು ದೇಗುಲವಿತ್ತು. 20ನೇ ಮಟ್ಟ ಮುಟ್ಟಿದವರು ಅಲ್ಲಿಗೆ ಹೋಗಿ ಕಸುಬು ಬದಲಿಸಿಕೊಳ್ಳಬಹುದಿತ್ತು, ಆದರೆ ಮತ್ತೆ ಒಂದನೇ ಮಟ್ಟದಿಂದ ಶುರು ಮಾಡಬೇಕಿತ್ತು. ಫೈನಲ್ ಫ್ಯಾಂಟಸಿ ಸರಣಿಯ ಮೂರನೆಯ (1990) ಮತ್ತು ಐದನೆಯ (1992) ಆಟಗಳು ಅದನ್ನು ಇನ್ನಷ್ಟು ಸಡಿಲಗೊಳಿಸಿದವು. ಟ್ಯಾಕ್ಟಿಕ್ಸ್ ಅದನ್ನು ಒಂದು ಶಾಸ್ತ್ರವನ್ನಾಗಿಯೇ ಮಾಡಿತು.

ಮೂಲ ಆಟದಲ್ಲಿ ಸಾಮಾನ್ಯ ಸೈನಿಕನೊಬ್ಬನಿಗೆ ತೆರೆದಿರುವ ಕಸುಬುಗಳು 20. ಎಲ್ಲರೂ ಅನುಚರ ಅಥವಾ ಮದ್ದುಗಾರನಾಗಿ ಆರಂಭಿಸಬೇಕು. ಅನುಚರನಾಗಿ ಸ್ವಲ್ಪ ಪಳಗಿದರೆ ಕತ್ತಿ ಹಿಡಿಯುವ ಯೋಧನೋ ಬಿಲ್ಲುಗಾರನೋ ಆಗಬಹುದು. ಮದ್ದುಗಾರನಿಂದ ಮಂತ್ರಗಾರರ ದಾರಿ. ಮುಂದೆ ಕವಲುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ನಿಂಜಾ ಆಗಬೇಕಾದವನು ಬಿಲ್ಲುಗಾರನ, ಕಳ್ಳನ ಕೆಲಸಗಳಲ್ಲಿ ಚೆನ್ನಾಗಿ ಪಳಗಿರಬೇಕು, ಮಣ್ಣು ನೀರುಗಳ ಶಕ್ತಿಯನ್ನು ಬಳಸುವ ವಿದ್ಯೆಯೂ ತಕ್ಕಮಟ್ಟಿಗೆ ಗೊತ್ತಿರಬೇಕು. ಪ್ರತಿ ಕೆಲಸಕ್ಕೂ ಅಂಕ ಸಿಗುತ್ತದೆ, ಅಂಕ ಕೊಟ್ಟು ಆ ಕಸುಬಿನ ವಿದ್ಯೆಗಳನ್ನು ಒಂದೊಂದಾಗಿ ಕಲಿಯಬೇಕು. ಮುಖ್ಯವಾದ ಮಾತೆಂದರೆ, ಕಸುಬು ಬಿಟ್ಟರೂ ಕಲಿತದ್ದು ಹೋಗುವುದಿಲ್ಲ. ಇಂದು ಯೋಧನಾಗಿರುವವನು ನಿನ್ನೆ ಕಲಿತ ಮದ್ದುಗಾರಿಕೆಯನ್ನು ಎರಡನೆಯ ವಿದ್ಯೆಯಾಗಿ ಇಟ್ಟುಕೊಳ್ಳಬಹುದು. ಏಟು ಬಿದ್ದಾಗ ತಾನಾಗಿ ಎದ್ದುಬರುವ ಒಂದು ಪ್ರತಿಕ್ರಿಯೆ, ಒಂದು ಬೆಂಬಲದ ಗುಣ, ನಡಿಗೆಯ ಒಂದು ಗುಣ, ಇವನ್ನೂ ಹಳೆಯ ಕಸುಬುಗಳಿಂದ ಎರವಲು ತರಬಹುದು.

ಎರಡು ಸೂಕ್ಷ್ಮಗಳು ನನಗೆ ವಿಶೇಷವಾಗಿ ಹಿಡಿಸಿದವು. ಒಬ್ಬ ಬಿಲ್ಲುಗಾರ ದುಡಿದು ಅಂಕ ಗಳಿಸಿದಾಗ ಅದೇ ರಣರಂಗದಲ್ಲಿರುವ ಅವನ ಸಂಗಡಿಗರಿಗೂ ಬಿಲ್ಲುಗಾರಿಕೆಯ ಖಾತೆಗೆ ನಾಲ್ಕನೆಯ ಒಂದು ಪಾಲು ಸೇರುತ್ತದೆ. ಪಕ್ಕದಲ್ಲಿ ನಿಂತು ನೋಡಿದವನೂ ಒಂದಿಷ್ಟು ಕಲಿಯುತ್ತಾನೆ ಎನ್ನುವ ಸರಳ ಲೆಕ್ಕ. ಇನ್ನೊಂದು ಸಾವಿಗೆ ಸಂಬಂಧಿಸಿದ್ದು. ಬಿದ್ದವನ ತಲೆಯ ಮೇಲೆ ಎಣಿಕೆ ಶುರುವಾಗುತ್ತದೆ. ಎಣಿಕೆ ಮುಗಿಯುವುದರೊಳಗೆ ಎಬ್ಬಿಸದಿದ್ದರೆ ಅವನು ಶಾಶ್ವತವಾಗಿ ಹೋದ. ಕೆಲವೊಮ್ಮೆ ಅವನಿದ್ದ ಜಾಗದಲ್ಲಿ ಒಂದು ಹರಳು ಉಳಿಯುತ್ತದೆ, ಅದನ್ನು ಎತ್ತಿಕೊಂಡವನಿಗೆ ಸತ್ತವನ ಕೆಲವು ವಿದ್ಯೆಗಳು ದಕ್ಕುತ್ತವೆ. ಉಸ್ತಾದರು ತೀರಿಕೊಂಡ ಮೇಲೆ ಅವರ ಕೈಚಳಕ ಶಿಷ್ಯನಲ್ಲಿ ಉಳಿಯುವುದನ್ನು ಕಂಡವರಿಗೆ ಇದು ಬರೀ ಮಾಯಾಜಾಲ ಅನಿಸದು.

ಕಸುಬಿನ ಬಗ್ಗೆ ಇದು ಎಷ್ಟು ಉದಾರವಾದ ಕಲ್ಪನೆ ಎಂದು ಒಂದು ಕ್ಷಣ ಯೋಚಿಸಿ. ಹ. ದಾವೂದ್(ಅ)ರು ತಮ್ಮ ಕೈಯ ದುಡಿಮೆಯಿಂದಲೇ ಉಣ್ಣುತ್ತಿದ್ದರೆಂದು, ಹ. ಝಕರಿಯ್ಯಾ(ಅ)ರು ಬಡಗಿಯಾಗಿದ್ದರೆಂದು ಹದೀಸ್‌ಗಳಿಂದ ನಮಗೆ ತಿಳಿದಿದೆ. ಕಸುಬು ಮನುಷ್ಯನ ಮರ್ಯಾದೆ ಹೆಚ್ಚಿಸುವಂಥದ್ದೇ ಹೊರತು ಅವನ ಹಣೆಗೆ ಒತ್ತಿದ ಮುದ್ರೆಯಲ್ಲ. ಆದರೆ ನಮ್ಮ ನಾಡಿನಲ್ಲಿ ನಡೆದದ್ದೇ ಬೇರೆ. ಹತ್ತಿ ಹಿಂಜುತ್ತಿದ್ದವರು ಪಿಂಜಾರರು, ನದಾಫರು ಎನಿಸಿಕೊಂಡರು. ಬಿಲ್ಲು ಹಿಡಿದು ಮನೆಮನೆಗೆ ಹೋಗಿ ಹಾಸಿಗೆ ಹಿಂಜುವ ಕೆಲಸ ಯಂತ್ರದ ಪಾಲಾದರೂ ಹೆಸರು ಬಿಡಲಿಲ್ಲ, ಸಂಬಂಧ ಕುದುರಿಸುವಾಗ ಆ ಹೆಸರು ಮತ್ತೆ ಏಳುತ್ತದೆ. ಸಮಾನತೆಯನ್ನು ಮಿಂಬರಿನಿಂದ ಕೇಳುವ ನಮ್ಮಲ್ಲೂ ಹೀಗೆ. ಆಟದಲ್ಲಿ ಕಸುಬಿನ ಹೆಸರು ಹೋಗಿ ವಿದ್ಯೆ ಉಳಿಯುತ್ತದೆ, ನಮ್ಮಲ್ಲಿ ವಿದ್ಯೆ ಹೋಗಿ ಹೆಸರು ಉಳಿದಿದೆ.

ಈಗ ಕಥೆಗೆ ಬರೋಣ, ಏಕೆಂದರೆ ತಕರಾರು ಶುರುವಾಗುವುದೇ ಅಲ್ಲಿ.

ಐವಲೀಸ್ ಎಂಬ ಕಲ್ಪಿತ ರಾಜ್ಯ. ನೆರೆಯ ದೇಶದೊಂದಿಗೆ ಐವತ್ತು ವರ್ಷ ಯುದ್ಧ ಮಾಡಿ ಸೋತು ಸುಣ್ಣವಾಗಿದೆ. ಯುದ್ಧಕ್ಕೆಂದು ಸೇರಿಸಿಕೊಂಡಿದ್ದ ಸಾಮಾನ್ಯ ಜನರನ್ನು ಕೆಲಸ ಮುಗಿದ ಮೇಲೆ ಸಂಬಳವಿಲ್ಲದೆ ಮನೆಗೆ ಕಳಿಸಿದ್ದಾರೆ. ಅವರಲ್ಲಿ ಕೆಲವರು ವೀಗ್ರಾಫ್ ಎಂಬವನ ಮುಂದಾಳುತನದಲ್ಲಿ ದಂಗೆ ಎದ್ದಿದ್ದಾರೆ. ದಂಗೆಯನ್ನು ಅಡಗಿಸಲು ಹೊರಟಿರುವ ಸೈನಿಕ ಶಾಲೆಯ ಹುಡುಗರಲ್ಲಿ ಒಬ್ಬ ರಾಮ್ಜಾ. ದೊಡ್ಡ ಮನೆತನದ ಮಗ, ಆದರೆ ತಾಯಿ ಸಾಮಾನ್ಯ ಕುಲದವಳು. ಅವನ ಜೀವದ ಗೆಳೆಯ ಡೆಲಿಟಾ ಅದೇ ಮನೆಯ ಅನ್ನ ಉಂಡು ಬೆಳೆದ ಬಡವರ ಮಗ. ನಡುವೆ ಬಂದು ಸೇರಿಕೊಳ್ಳುವ ಅರ್ಗಾತ್ ಆಸ್ತಿ ಕಳೆದುಕೊಂಡ ಕುಲೀನ. ಇರುವುದೆಲ್ಲ ಹೋಗಿ ಬರೀ ಕುಲ ಉಳಿದವನಿಗೆ ಕುಲದ ಮೇಲೆ ಎಷ್ಟು ವ್ಯಾಮೋಹ ಎಂಬುದನ್ನು ಈ ಪಾತ್ರ ತೋರಿಸಿದಷ್ಟು ನಿಚ್ಚಳವಾಗಿ ತೋರಿಸಿದ ಕಾದಂಬರಿಗಳೂ ಕಡಿಮೆ. ಬಡವರು ಅವನ ಕಣ್ಣಿಗೆ ಮನುಷ್ಯರೇ ಅಲ್ಲ.

ವೀಗ್ರಾಫನ ತಂಗಿ ಮಿಲೂಡಾ ಎದುರು ನಿಂತು ಕೇಳುವ ಪ್ರಶ್ನೆಗಳು ಸರಳವಾದವು. ನಿಮಗಾಗಿ ರಕ್ತ ಸುರಿಸಿದ ನಾವು ಯಾಕೆ ಹಸಿದಿರಬೇಕು, ನೀವು ನಮಗಿಂತ ಹೇಗೆ ಮೇಲು? ರಾಮ್ಜಾ ತಡವರಿಸುತ್ತಾನೆ. ಅವನ ಬಳಿ ಉತ್ತರವಿಲ್ಲ. ಆದರೆ ಆಟ ಮುಂದೆ ಸಾಗಬೇಕಾದರೆ ಅವಳನ್ನು ಸೋಲಿಸಲೇಬೇಕು. ಕಾದಂಬರಿಯಲ್ಲಾದರೆ ಪುಟ ತಿರುಗಿಸಿ ಮರುಗಬಹುದು. ಇಲ್ಲಿ ಯಾರನ್ನು ಎಲ್ಲಿ ನಿಲ್ಲಿಸಬೇಕು, ಯಾರ ಬಾಣ ಅವಳಿಗೆ ತಗಲುತ್ತದೆ ಎಂದು ಲೆಕ್ಕ ಹಾಕುವವರು ನಾವೇ. ಮೊದಲ ಸಲ ಅವಳು ತಪ್ಪಿಸಿಕೊಳ್ಳುತ್ತಾಳೆ. ಎರಡನೆಯ ಸಲ ನಾವು ಅವಳನ್ನು ಕೊಲ್ಲುತ್ತೇವೆ. ಆಟವೆಂಬ ಮಾಧ್ಯಮ ಮಾತ್ರ ಮಾಡಬಲ್ಲ ಕೆಲಸವಿದು, ಮಾತ್ಸುನೋ ಅದನ್ನು ಗೊತ್ತಿದ್ದೇ ಮಾಡಿದ್ದಾರೆ.

ಮೊದಲ ಅಧ್ಯಾಯ ಮುಗಿಯುವುದು ಹಿಮದಲ್ಲಿ ಮುಳುಗಿದ ಒಂದು ಕೋಟೆಯ ಎದುರು. ಡೆಲಿಟಾನ ತಂಗಿ ಟಿಯೆಟ್ರಾಳನ್ನು ಬಂಡಾಯಗಾರರು ದೊಡ್ಡ ಮನೆಯ ಹೆಣ್ಣೆಂದು ತಪ್ಪು ತಿಳಿದು ಹಿಡಿದೊಯ್ದಿದ್ದಾರೆ. ನಿಜಕ್ಕೂ ಮನೆಯ ಮಗಳೇ ಆಗಿದ್ದರೆ ಮಾತುಕತೆ ನಡೆಯುತ್ತಿತ್ತು. ಇವಳು ಆಶ್ರಿತರ ಹುಡುಗಿ. ರಾಮ್ಜಾನ ಅಣ್ಣ ಆಜ್ಞೆ ಕೊಡುತ್ತಾನೆ, ಅರ್ಗಾತ್ ಅಡ್ಡಬಿಲ್ಲಿನಿಂದ ಬಾಣ ಬಿಡುತ್ತಾನೆ. ಒಂದೇ ಮನೆಯಲ್ಲಿ ಬೆಳೆದಳು ಎಂಬುದು ಆ ಗಳಿಗೆಯಲ್ಲಿ ಕೆಲಸಕ್ಕೆ ಬರಲಿಲ್ಲ. ಡೆಲಿಟಾ ಅಲ್ಲಿಂದ ಬೇರೆ ಮನುಷ್ಯನಾಗುತ್ತಾನೆ. ರಾಮ್ಜಾ ಮನೆತನದ ಹೆಸರನ್ನು ಬಿಟ್ಟು ತಾಯಿಯ ಹೆಸರು ಹಚ್ಚಿಕೊಂಡು ಕೂಲಿ ಸೈನಿಕನಾಗುತ್ತಾನೆ.

ಹಾಗಾದರೆ ಆಟದೊಳಗೆ ಎರಡು ಲೋಕಗಳಿವೆ. ಕದನದ ನಡುವಿನ ಪಟ್ಟಿಯಲ್ಲಿ ಯಾರು ಏನು ಬೇಕಾದರೂ ಆಗಬಹುದು. ಕಥೆಯಲ್ಲಿ ಹುಟ್ಟು ಹಾಕಿದ ಗೆರೆಯನ್ನು ದಾಟಿದವರೆಲ್ಲ ಸಾಯುತ್ತಾರೆ ಅಥವಾ ಕೆಡುತ್ತಾರೆ. ಈ ವಿರೋಧವೇ ಆಟದ ಶಕ್ತಿ ಎಂದು ಮೊದಲ ಕೆಲವು ದಿನ ನನಗೆ ಅನ್ನಿಸಿತ್ತು. ಕಥೆ ಕೊಡದ ಸ್ವಾತಂತ್ರ್ಯವನ್ನು ಆಟಗಾರನ ಕೈ ಕೊಡುತ್ತಿದೆ ಎಂಬ ಸಮಾಧಾನ. ಆಡುತ್ತಾ ಹೋದಂತೆ ಈ ಸಮಾಧಾನವೂ ಬಿರುಕು ಬಿಡುತ್ತದೆ, ಏಕೆಂದರೆ ನಿಯಮಗಳೊಳಗೂ ಹುಟ್ಟು ನುಸುಳಿಕೊಂಡಿದೆ.

ಆರಂಭದಲ್ಲೇ ರಾಮ್ಜಾನ ಹುಟ್ಟಿದ ದಿನವನ್ನು ಬರೆದುಕೊಡಬೇಕು. ಬರೀ ಔಪಚಾರಿಕ ಎಂದುಕೊಂಡರೆ ಅಲ್ಲ. ಆ ದಿನಕ್ಕೊಂದು ರಾಶಿಯಿದೆ, ಪ್ರತಿ ಸೈನಿಕನಿಗೂ ರಾಶಿಯಿದೆ. ಹೊಡೆತ ಎಷ್ಟು ಜೋರಾಗಿ ತಗಲುತ್ತದೆ, ಮದ್ದಿನ ಮಂತ್ರ ಎಷ್ಟು ಫಲಿಸುತ್ತದೆ ಎಂಬುದರಲ್ಲಿ ಇಬ್ಬರ ರಾಶಿಗಳ ಹೊಂದಾಣಿಕೆಯ ಪಾಲೂ ಇದೆ. ಮದುವೆಗೆ ಜಾತಕ ಕೂಡಿಸುವಂತೆ ಯುದ್ಧಕ್ಕೂ ಕೂಡಿಸಬೇಕು! ಕಸುಬನ್ನು ಇಪ್ಪತ್ತು ಸಲ ಬದಲಿಸಿದರೂ ರಾಶಿ ಬದಲಾಗದು. ಹೆಣ್ಣು ಗಂಡಿನ ವಿಷಯವೂ ಹೀಗೆಯೇ. ಬಹುಪಾಲು ಕಸುಬುಗಳು ಇಬ್ಬರಿಗೂ ತೆರೆದಿವೆ, ಅದು ಮೆಚ್ಚತಕ್ಕದ್ದು. ಆದರೆ ಹಾಡುವವನು ಗಂಡೇ ಆಗಬೇಕು, ಕುಣಿಯುವವಳು ಹೆಣ್ಣೇ ಆಗಬೇಕು.

ಇದಕ್ಕಿಂತ ದೊಡ್ಡದು ಇನ್ನೊಂದು. ಕಥೆಯಲ್ಲಿ ಹೆಸರಿರುವ ಪಾತ್ರಗಳು ನಮ್ಮ ಪಡೆಗೆ ಸೇರುವಾಗ ತಮ್ಮದೇ ಆದ ಕಸುಬನ್ನು ಹೊತ್ತು ತರುತ್ತಾರೆ. ರಾಜಕುಮಾರಿಯ ಅಂಗರಕ್ಷಕಿ ಅಗ್ರಿಯಾಸ್‌ಳ ಖಡ್ಗವಿದ್ಯೆಯನ್ನು ನಮ್ಮ ಕೂಲಿ ಸೈನಿಕರು ಎಷ್ಟು ತಿಣುಕಿದರೂ ಕಲಿಯಲಾರರು. ನಾಲ್ಕನೆಯ ಅಧ್ಯಾಯದಲ್ಲಿ ಸಿಡಿಲ ದೇವರೆಂದು ಹೆಸರಾದ ಓರ್ಲಾಂಡೋ ಬರುತ್ತಾನೆ. ಅವನ ಕೈಯಲ್ಲಿ ಆಟದ ಅತ್ಯುತ್ತಮ ಖಡ್ಗಗಳಲ್ಲೊಂದು, ಬಂದ ದಿನವೇ ಅವನು ಒಬ್ಬನೇ ಒಂದು ಸೈನ್ಯ. ಮೂವತ್ತು ತಾಸು ದುಡಿದು, ಅನುಚರನಿಂದ ಯೋಧ, ಯೋಧನಿಂದ ಸನ್ಯಾಸಿ, ಸನ್ಯಾಸಿಯಿಂದ ಭೂಮಾಂತ್ರಿಕ ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿದ ನಮ್ಮ ಹುಡುಗನನ್ನು ಬೆಂಚಿನ ಮೇಲೆ ಕೂರಿಸುವುದೇ ಬುದ್ಧಿವಂತಿಕೆ ಎಂದು ಆಟ ಮೆಲ್ಲಗೆ ಹೇಳುತ್ತದೆ. ಬಹಳ ಆಟಗಾರರು ಹಾಗೇ ಮಾಡುತ್ತಾರೆ. ಕೆಲವರು ಹಟ ಹಿಡಿದು ಓರ್ಲಾಂಡೋನ ಆಯುಧ ಕಳಚಿಟ್ಟು ಹಳಬರನ್ನೇ ಮುಂದುವರಿಸುತ್ತಾರೆ. ನಾನು ಎರಡನೆಯ ಗುಂಪಿನವನು, ಅದರಿಂದಾದ ಕಷ್ಟವನ್ನು ಇಲ್ಲಿ ಹೇಳಹೊರಟರೆ ಪುಟ ಸಾಲದು.

ಕಲಿಕೆಯ ವಿಧಾನದಲ್ಲೂ ಒಂದು ವಿಡಂಬನೆ ಇದೆ. ಯಾವ ಕೆಲಸ ಮಾಡಿದರೂ ಅಂಕ ಸಿಗುವುದರಿಂದ ಗೆಲುವಿಗಿಂತ ಅಂಕವೇ ಮುಖ್ಯವಾಗಿಬಿಡುತ್ತದೆ. ವೈರಿಗಳಲ್ಲಿ ಒಬ್ಬ ಬಡಪಾಯಿಯನ್ನು ಕೊಲ್ಲದೆ ಉಳಿಸಿಕೊಂಡು, ಅವನ ಎದುರಲ್ಲೇ ನಮ್ಮವರು ನಮ್ಮವರ ಮೇಲೇ ಕಲ್ಲೆಸೆಯುತ್ತಾ, ಗಾಯವಿಲ್ಲದವರಿಗೆ ಮದ್ದು ಹಚ್ಚುತ್ತಾ ಗಂಟೆಗಟ್ಟಲೆ ಕಳೆಯುವುದು ಈ ಆಟ ಆಡಿದವರೆಲ್ಲರಿಗೂ ಪರಿಚಿತ. ನಮ್ಮ ಪರೀಕ್ಷೆಗಳ ಅಂಕ ಬೇಟೆ ನೆನಪಾಗುತ್ತದೆ. ಹೀಗೆ ಆರು ಕಸುಬುಗಳಲ್ಲಿ ಪಳಗಿದ ಮೇಲೆ ಸಿಗುವ ಕೊನೆಯ ಕಸುಬು ಅಣಕುಗಾರನದು. ಅವನಿಗೆ ಸ್ವಂತದ ಯಾವ ವಿದ್ಯೆಯೂ ಇಲ್ಲ, ಬೇರೆಯವರು ಮಾಡಿದ್ದನ್ನೇ ಮಾಡುತ್ತಾನೆ. ಮಾತ್ಸುನೋ ನಗುತ್ತಿದ್ದಾರೋ ಏನೋ.

ಧರ್ಮದ ವಿಷಯಕ್ಕೆ ಬಂದರೆ ನಮ್ಮ ಓದುಗರು ಸ್ವಲ್ಪ ನಿಧಾನಿಸಬೇಕಾಗುತ್ತದೆ. ಪ್ರತಿ ಸೈನಿಕನಿಗೂ ಧೈರ್ಯ ಮತ್ತು ನಂಬಿಕೆ ಎಂಬ ಎರಡು ಅಂಕಿಗಳಿವೆ, ನೂರರ ಲೆಕ್ಕದಲ್ಲಿ. ನಂಬಿಕೆ ಹೆಚ್ಚಿದ್ದವನ ಮಂತ್ರ ಬಲವಾಗಿ ತಗಲುತ್ತದೆ, ಅವನಿಗೂ ಬೇರೆಯವರ ಮಂತ್ರ ಬಲವಾಗಿಯೇ ತಗಲುತ್ತದೆ. ಗಾಯಗೊಳಿಸುವುದೂ ವಾಸಿಮಾಡುವುದೂ ಎರಡೂ. ನಂಬಿಕೆಯೇ ಇಲ್ಲದವನನ್ನು ಮಂತ್ರ ಕೊಲ್ಲಲಾರದು, ಬದುಕಿಸಲೂ ಆರದು. ಇಲ್ಲಿಯವರೆಗೆ ಇದು ಜಾಣ ಕಲ್ಪನೆ. ಆದರೆ ಸೈನಿಕನ ನಂಬಿಕೆಯನ್ನು ಉಪದೇಶದಿಂದ ಏರಿಸುತ್ತಾ ಹೋಗಿ ಅದು 95 ಮುಟ್ಟಿದರೆ ಅವನು ಪಡೆಯನ್ನು ಬಿಟ್ಟು ದೇವರ ದಾರಿ ಹಿಡಿದು ಹೊರಟುಹೋಗುತ್ತಾನೆ. ಈಮಾನ್ ಹೆಚ್ಚುತ್ತದೆ, ಕುಗ್ಗುತ್ತದೆ ಎಂಬುದು ನಮಗೂ ಗೊತ್ತು. ತಕ್ಕಡಿ ಮಾತ್ರ ಮನುಷ್ಯನ ಕೈಯಲ್ಲಿಲ್ಲ. ದೇವರಲ್ಲಿ ನಂಬಿಕೆ ಬಲಿತವನು ನ್ಯಾಯದ ಹೋರಾಟಕ್ಕೆ ಉಪಯೋಗವಿಲ್ಲದವನಾಗುತ್ತಾನೆ, ಲೋಕ ಬಿಟ್ಟು ಓಡುತ್ತಾನೆ ಎಂಬ ಗ್ರಹಿಕೆಯನ್ನು ನಾನು ಒಪ್ಪಲಾರೆ. ಅನ್ಯಾಯದ ಎದುರು ನಿಲ್ಲುವುದನ್ನೇ ನಂಬಿಕೆಯ ಭಾಗವೆಂದು ತಿಳಿದವರ ಚರಿತ್ರೆ ಮಾತ್ಸುನೋ ಅವರ ಕಣ್ಣಿಗೆ ಬಿದ್ದಂತಿಲ್ಲ.

ಕಥೆಯಲ್ಲಿ ಗ್ಲಾಬಡೋಸ್ ಎಂಬ ಚರ್ಚಿದೆ. ಅದರ ಹಿರಿಯರು ಎರಡು ರಾಜಪಕ್ಷಗಳನ್ನು ಕಾದಾಡಲು ಬಿಟ್ಟು ಹಿಂದಿನಿಂದ ಸೂತ್ರ ಆಡಿಸುತ್ತಾರೆ, ತಮ್ಮ ಸಂತನ ಬಗೆಗಿನ ಸತ್ಯವನ್ನು ಮುಚ್ಚಿಡುತ್ತಾರೆ. ಧರ್ಮದ ಹೆಸರಿನಲ್ಲಿ ಅಧಿಕಾರ ಹಿಡಿದವರ ಮೇಲಿನ ಟೀಕೆಯಾಗಿ ಇದನ್ನು ಯಾವ ಧರ್ಮದವರೂ ಓದಿಕೊಳ್ಳಬಹುದು. ನನ್ನ ಅಸಮಾಧಾನ ಬೇರೆ. ಆಟದ ಉತ್ತರಾರ್ಧದಲ್ಲಿ ಚರ್ಚಿನ ಹಿಂದೆಯೂ ದೆವ್ವಗಳಿವೆ ಎಂದಾಗುತ್ತದೆ. ಹನ್ನೆರಡು ರಾಶಿಗಳ ಹರಳುಗಳು, ಅವುಗಳನ್ನು ಹಿಡಿದವರ ಮೈಮೇಲೆ ಬರುವ ರಾಕ್ಷಸರು. ಹಸಿದವರ ಪರವಾಗಿ ನಿಂತಿದ್ದ ವೀಗ್ರಾಫ್ ತಂಗಿಯ ಸೇಡಿಗೆಂದು ಹೊರಟು ಕೊನೆಗೆ ಅಂಥದೇ ಒಂದು ರಾಕ್ಷಸನಾಗುತ್ತಾನೆ. ಕೋಟೆಯೊಂದರಲ್ಲಿ ರಾಮ್ಜಾ ಅವನೊಂದಿಗೆ ಒಬ್ಬಂಟಿಯಾಗಿ ಕಾದಬೇಕು. ಮೂಲ ಆಟದಲ್ಲಿ ಇದು ಅನೇಕರ ತಾಳ್ಮೆ ಕೆಡಿಸಿದ ಕದನ, ರಾಮ್ಜಾನಿಗೆ ತಕ್ಕ ಕಸುಬು ಕಲಿಸದೆ ಒಳಗೆ ಹೋಗಿ ಅಲ್ಲೇ ದಾಖಲಿಸಿಕೊಂಡವರು ಹಿಂದಕ್ಕೂ ಬರಲಾಗದೆ ಸಿಕ್ಕಿಬೀಳುತ್ತಿದ್ದರು. 2025ರ ಆವೃತ್ತಿಯಲ್ಲಿ ಕಷ್ಟದ ಮಟ್ಟವನ್ನು ಆರಿಸಿಕೊಳ್ಳಬಹುದು. ಆದರೆ ಆ ಕದನ ಗೆದ್ದಾಗ ನನಗೆ ಸಂತೋಷಕ್ಕಿಂತ ಬೇಸರವೇ ಹೆಚ್ಚಾಯಿತು. ಕೂಲಿ ಸಿಗದವರ ಪ್ರಶ್ನೆಯನ್ನು ಕೇಳುತ್ತಿದ್ದ ಬಾಯಿಗೆ ಕೋರೆಹಲ್ಲು ಮೂಡಿಸಿದರೆ ಪ್ರಶ್ನೆಗೆ ಉತ್ತರ ಕೊಡುವ ತೊಂದರೆಯೇ ಇಲ್ಲ. ಮೊದಲ ಅಧ್ಯಾಯದಲ್ಲಿ ಮನುಷ್ಯರು ಮನುಷ್ಯರಿಗೆ ಮಾಡಿದ್ದನ್ನು ಕೊನೆಯ ಅಧ್ಯಾಯದಲ್ಲಿ ದೆವ್ವಗಳ ಲೆಕ್ಕಕ್ಕೆ ಬರೆದಿರುವುದು ಈ ಕೃತಿಯ ದೊಡ್ಡ ಸೋಲು ಎಂದೇ ನನ್ನ ತೀರ್ಮಾನ.

ಡೆಲಿಟಾನ ಎಳೆ ಮಾತ್ರ ಈ ಸೋಲಿನಿಂದ ಪಾರಾಗುತ್ತದೆ. ದೆವ್ವಗಳ ಗೊಡವೆ ಅವನಿಗಿಲ್ಲ. ಎಲ್ಲರ ಹುಟ್ಟನ್ನೂ ಎಲ್ಲರ ಆಸೆಯನ್ನೂ ದಾಳವಾಗಿ ಬಳಸಿ, ರಾಜಕುಮಾರಿ ಓವೆಲಿಯಾಳನ್ನು ಮದುವೆಯಾಗಿ ರಾಜನಾಗುತ್ತಾನೆ. ಐವಲೀಸ್‌ನಲ್ಲಿ ಹುಟ್ಟಿನ ಗೆರೆಯನ್ನು ದಾಟಿದ ಒಬ್ಬನೇ ಒಬ್ಬ. ಅವಳ ಹುಟ್ಟುಹಬ್ಬಕ್ಕೆ ಹೂ ತಂದಾಗ ತನ್ನನ್ನೂ ಹೀಗೇ ಬಳಸಿಕೊಂಡನೆಂದು ನಂಬಿದ ಅವಳು ಅವನಿಗೆ ಇರಿಯುತ್ತಾಳೆ, ಅವನು ತಿರುಗಿ ಅವಳಿಗೆ ಇರಿಯುತ್ತಾನೆ. ಗೆಳೆಯ ರಾಮ್ಜಾನಿಗೆ ಏನು ದಕ್ಕಿತು, ತನಗೆ ಏನು ದಕ್ಕಿತು ಎಂದು ಅವನು ಆಗ ಕೇಳಿಕೊಳ್ಳುವ ರೀತಿಯಲ್ಲಿ ಜಂಬವಿಲ್ಲ.

ಈ ಎಲ್ಲ ಕಥೆಯನ್ನು ನಮಗೆ ಹೇಳುವವನು ನಾನೂರು ವರ್ಷಗಳ ನಂತರದ ಒಬ್ಬ ಇತಿಹಾಸಕಾರ, ಅರಾಜ್‌ಲಮ್ ಡುರೈ. ಶಾಲಾ ಪುಸ್ತಕಗಳ ಪ್ರಕಾರ ರಾಜ್ಯವನ್ನು ಉಳಿಸಿದ ವೀರ ಡೆಲಿಟಾ. ರಾಮ್ಜಾ ಧರ್ಮದ್ರೋಹಿ, ಹೆಸರು ಹೇಳಬಾರದವನು. ಅರಾಜ್‌ಲಮ್‌ನ ಪೂರ್ವಜ ಓರಾನ್ ಕಣ್ಣಾರೆ ಕಂಡದ್ದನ್ನು ಬರೆದಿಟ್ಟಿದ್ದ. ಅದನ್ನು ಬಹಿರಂಗಪಡಿಸಿದ್ದಕ್ಕೆ ಚರ್ಚು ಅವನನ್ನು ಕಂಬಕ್ಕೆ ಕಟ್ಟಿ ಸುಟ್ಟಿತು, ಬರಹವನ್ನು ಅಡಗಿಸಿಟ್ಟಿತು. ತಮ್ಮ ಪೂರ್ವಜರನ್ನು ಪಠ್ಯಪುಸ್ತಕದಲ್ಲಿ ಬೇರೆಯವರ ಬಾಯಿಂದ ಕೇಳುತ್ತಾ ಬೆಳೆದವರು ಈ ಚೌಕಟ್ಟನ್ನು ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ವಿವರಿಸುವ ಅಗತ್ಯವಿಲ್ಲ.

ಆದರೂ ಡುರೈ ದಾಖಲೆಯಲ್ಲೂ ಒಂದು ಖಾಲಿ ಜಾಗವಿದೆ. ಕೊನೆಯ ಸ್ಫೋಟದ ನಂತರ ರಾಮ್ಜಾನನ್ನೂ ಅವನ ತಂಗಿಯನ್ನೂ ಓರಾನ್ ದೂರದಿಂದ ಕಾಣುತ್ತಾನೆ, ಅವರು ಬದುಕಿದ್ದಾರೆ ಎಂಬ ಸೂಚನೆ ನಮಗೆ ಸಿಗುತ್ತದೆ. ಪಟ್ಟಣದಲ್ಲಿ ನಾಲ್ಕು ಕಾಸು ಕೊಟ್ಟು ಪಡೆಗೆ ಸೇರಿಸಿಕೊಂಡ ಆ ಸೈನಿಕರು ಏನಾದರು? ಕೊನೆಯ ಕದನದಲ್ಲಿ ರಾಮ್ಜಾನ ಎಡಬಲಕ್ಕೆ ನನ್ನ ಬಿಲ್ಲುಗಾರನಿದ್ದ, ನನ್ನ ಮದ್ದುಗಾರ್ತಿಯಿದ್ದಳು. ಇಪ್ಪತ್ತು ಕಸುಬುಗಳಲ್ಲಿ ಅರ್ಧದಷ್ಟನ್ನು ಕಲಿತವರು, ಎಷ್ಟೋ ಸಲ ಎಣಿಕೆಯ ಕೊನೆಯ ಗಳಿಗೆಯಲ್ಲಿ ಎಬ್ಬಿಸಿ ಉಳಿಸಿಕೊಂಡವರು. ಅಷ್ಟು ತಾಸುಗಳಲ್ಲಿ ಕಥೆ ಅವರಿಗೆ ಒಂದು ಮಾತನ್ನೂ ಕೊಡಲಿಲ್ಲ. ಸತ್ಯವನ್ನು ಹೊರಗೆಡಹಲು ಜೀವ ತೆತ್ತವನ ಬರಹದಿಂದ ಹೊರಟ ಕಥೆಯಲ್ಲೂ ಅವರ ಹೆಸರಿಲ್ಲ. ಆಟ ಮುಗಿದು ಪರದೆ ಕಪ್ಪಾದ ಮೇಲೆ ಅವರ ಪಟ್ಟಿ ಇರುವುದು ಆಡಿದವನ ಯಂತ್ರದ ಸ್ಮರಣೆಯಲ್ಲಿ, ಅಳಿಸುವವರೆಗೆ.